ಶೈತ್ಯಕ್ಕೊಂದು ಕಾವಲು

1882ರ ಫೆಬ್ರವರಿ 15ರಂದು 'ಡನೀಡಿನ್' ಎಂಬ ಹಾಯಿಹಡಗು ನ್ಯೂಜಿಲೆಂಡಿನ ಪೋರ್ಟ್ ಚಾಮರ್ಸ್ ಬಂದರಿನಿಂದ ಲಂಡನ್ನಿಗೆ ಹೊರಟಿತು. ಅದರಲ್ಲಿ ಹೆಪ್ಪುಗಟ್ಟಿಸಿದ ಸುಮಾರು 5,000 ಕುರಿಗಳ ಮಾಂಸವೂ, ಅದನ್ನು ತಣ್ಣಗಿಡಲು ಕಲ್ಲಿದ್ದಲು ಉರಿಸಿ ನಡೆಸುವ ಬೆಲ್-ಕೋಲ್‌ಮನ್ ಯಂತ್ರವೂ ಇದ್ದವು. ಉಷ್ಣವಲಯ ಸೇರಿದಾಗ, ತಂಪುಗಾಳಿ ಸರಕಿನ ಕೋಣೆಯಲ್ಲಿ ಸರಿಯಾಗಿ ಹರಿಯುತ್ತಿಲ್ಲವೆಂದು ತಿಳಿದುಬಂತು. ಕ್ಯಾಪ್ಟನ್ ವಿಟ್ಸನ್ ತಾವೇ ಒಳಗೆ ತೆವಳಿ ಗರಗಸದಿಂದ ಗಾಳಿಕಂಡಿಗಳನ್ನು ಕೊರೆದರು. ಚಳಿಗೆ ಮರಗಟ್ಟಿದ ಅವರನ್ನು ನಾವಿಕರು ಹಗ್ಗದಿಂದ ಹೊರಗೆಳೆದು, ಉಪಚರಿಸಿ ಬದುಕಿಸಿದರು. 98 ದಿನಗಳ ಬಳಿಕ ಲಂಡನ್ ಮುಟ್ಟಿದಾಗ ಕೆಟ್ಟಿದ್ದುದು ಒಂದೇ ಒಂದು ಕುರಿಯ ಮಾಂಸ!

ಯಂತ್ರವಿದ್ದ ಮಾತ್ರಕ್ಕೆ ಸಾಲದು, ಮೂಲೆಮೂಲೆಯ ಉಷ್ಣತೆಯನ್ನೂ ಗಮನಿಸುತ್ತಿರಬೇಕೆಂಬುದು ಇದರ ಪಾಠ. ಕ್ಯಾಲಿಫೋರ್ನಿಯಾದ ಆಲ್ಬನಿಯಲ್ಲಿ 1948ರಲ್ಲಿ ಆರಂಭವಾದ ಸಂಶೋಧನೆ ಇದಕ್ಕೆ ಕಾಲದ ಲೆಕ್ಕವನ್ನೂ ಸೇರಿಸಿತು. ದಾರಿಯಲ್ಲಿ ಉಷ್ಣತೆ ಏರಿದಾಗಲೆಲ್ಲ ಆಗುವ ಹಾನಿ ಒಂದಕ್ಕೊಂದು ಕೂಡುತ್ತ ಹೋಗುತ್ತದೆ. ಮತ್ತೆ ತಣ್ಣಗಾಗಿಸಿದರೆ ಅದು ಅಳಿಯದು. ಆದ್ದರಿಂದಲೇ ಉಗ್ರಾಣದಲ್ಲೂ ಲಾರಿಯಲ್ಲೂ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಸೆಂಟಿಗ್ರೇಡ್ ಕೆಳಗಿದೆಯೇ ಎಂದು ನೋಡಿ ದಾಖಲಿಸಬೇಕಾಗುತ್ತದೆ.

ನಾವು ಕೊಳ್ಳುವ ಬಟಾಣಿ ಪೊಟ್ಟಣದ ಮೇಲೆ ಆ ದಾಖಲೆ ಇರುವುದಿಲ್ಲ. ಆದರೆ ಕಾಳುಗಳು ಬಿಡಿಬಿಡಿಯಾಗಿರದೆ ಗಟ್ಟಿ ಮುದ್ದೆಯಾಗಿದ್ದರೆ, ಎಲ್ಲೋ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿರಬೇಕು, ಕಾವಲು ತಪ್ಪಿರಬೇಕು.