ಕಾಲು ಹಿಡಿದವನಿಗೆ ಕೋಟಿ: ಕಬಡ್ಡಿ ಹರಾಜಿನಲ್ಲಿ ಡಿಫೆಂಡರ್ ಬೆಲೆ ಏರಿದ ಕಥೆ

ನಮ್ಮ ಕಡೆ ಯಾರಾದ್ರೂ ಇನ್ನೊಬ್ಬರ ಕಾಲು ಹಿಡಿದ್ರೆ ಅದು ಅವಮಾನದ ಮಾತು. ಆದ್ರೆ ಕಾಲು ಹಿಡಿಯೋದನ್ನೇ ಕಸುಬು ಮಾಡ್ಕೊಂಡು ಕೋಟಿ ರೂಪಾಯಿ ತಗೊಂಡೋರಿದ್ದಾರೆ. ಇವತ್ತು ಅವರ ಕಥೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಹಲಕುಂದಿಯಿಂದ ಹಂಪಿ ಏನೂ ದೂರ ಇಲ್ಲ. 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪೇಸ್, ಮಹಾನವಮಿಯ ಜಟ್ಟಿ ಕಾಳಗ ನೋಡಿ ಬರೆದಿಟ್ಟಿದ್ದಾನೆ. ಪೆಟ್ಟಿಗೆ ಹಲ್ಲು ಮುರೀತಿದ್ವಂತೆ. ನನಗೆ ಅದಕ್ಕಿಂತ ಹಿಡಿಸಿದ್ದು ಅವನು ಹೇಳೋ ಇನ್ನೊಂದು ವಿಷಯ: ಸಮಬಲದವರನ್ನ ಎದುರುಬದುರು ನಿಲ್ಸೋಕೆ, ಗೆದ್ದವನಿಗೆ ಯಾವ ಮರ್ಯಾದೆ ಸಲ್ಲಬೇಕು ಅಂತ ತೀರ್ಮಾನಿಸೋಕೆ ಅಲ್ಲಿ ತೀರ್ಪುಗಾರರಿದ್ರು. ಅಂದ್ರೆ ಆಟಗಾರನ ತೂಕ ಅಳೆಯೋ ಕೆಲಸ ಈ ಸೀಮೆಗೆ ಹೊಸದಲ್ಲ.

ಅಮೆರಿಕದ ಫುಟ್‌ಬಾಲ್‌ನಲ್ಲಿ ಈ ಕೆಲಸ ಒಂದು ದೊಡ್ಡ ಉದ್ಯಮ. ಅವರ ಮೊದಲ ಡ್ರಾಫ್ಟ್ ನಡೆದದ್ದು 1936ರಲ್ಲಿ. ಅಲ್ಲಿ ಹಣದ ಕೂಗಾಟ ಇಲ್ಲ, ಹಿಂದಿನ ವರ್ಷ ತಳದಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ. ಡಿಫೆನ್ಸಿವ್ ಟ್ಯಾಕಲ್ ಅನ್ನೋ ದೈತ್ಯ ಹುಡುಗ್ರನ್ನ ಮಲಗಿಸಿ, 102 ಕೆಜಿ ತೂಕದ ಬಾರ್ ಎಷ್ಟು ಸಲ ಎತ್ತುತ್ತಾರೆ ಅಂತ ಎಣಿಸ್ತಾರೆ. ನಮ್ಮಲ್ಲಿ ‘ಟ್ಯಾಕಲ್’ ಅಂದ್ರೆ ಕಬಡ್ಡಿ. ಇಲ್ಲಿ ಡಿಫೆಂಡರ್‌ನ ಅಳೆಯೋಕೆ ಅಂಥ ಕಬ್ಬಿಣದ ಸರಳಿಲ್ಲ. ತೊಡಕು ಶುರುವಾಗೋದೇ ಅಲ್ಲಿ.

2014ಕ್ಕಿಂತ ಮುಂಚೆ ಕಬಡ್ಡಿ ಆಟಗಾರನ ಬೆಲೆ ಅಂದ್ರೆ ಒಂದು ನೌಕರಿ. ರೈಲ್ವೆ, ಪೊಲೀಸ್, ಸೇನೆ, ಬ್ಯಾಂಕು. ಕರ್ನಾಟಕದಲ್ಲಿ ವಿಜಯಾ ಬ್ಯಾಂಕ್ ತಂಡಕ್ಕೆ ಸೇರೋದು ಅಂದ್ರೆ ಮನೆಗೆ ಪಿಂಚಣಿ ಬಂದಂಗೆ. ಆ ವ್ಯವಸ್ಥೆಯಲ್ಲಿ ರೈಡರ್, ಡಿಫೆಂಡರ್ ಅಂತ ಸಂಬಳದಲ್ಲಿ ಭೇದ ಇರಲಿಲ್ಲ. ಇಬ್ಬರೂ ಗುಮಾಸ್ತರೇ!

2014ರ ಮೇ ತಿಂಗಳಲ್ಲಿ ಪ್ರೊ ಕಬಡ್ಡಿಯ ಮೊದಲ ಹರಾಜು ನಡೀತು. ಒಂದೊಂದು ತಂಡಕ್ಕೆ ಖರ್ಚಿಗೆ ಇದ್ದದ್ದು 60 ಲಕ್ಷ. ಪಟ್ನಾ ಪೈರೇಟ್ಸ್ ರಾಕೇಶ್ ಕುಮಾರ್‌ಗೆ 12.80 ಲಕ್ಷ ಕೊಟ್ಟಿತು, ಅದೇ ಆವತ್ತಿನ ದಾಖಲೆ. ಆಮೇಲೆ ಆಟ ಟಿವಿಗೆ ಬಂತು. ಟಿವಿಗೆ ಬೇಕಾಗಿದ್ದು ಒಬ್ಬನೇ ಏಳು ಮಂದಿ ಮಧ್ಯೆ ನುಗ್ಗಿ ಬರೋ ದೃಶ್ಯ. 30 ಸೆಕೆಂಡು ಕ್ಯಾಮೆರಾ ಪೂರ್ತಿ ಅವನ ಮೇಲೆ. ಅವನನ್ನ ಹಿಡಿದ್ರೆ ಸಿಗೋದು ಒಂದೇ ಪಾಯಿಂಟು, ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಿದ್ರೆ ಸೂಪರ್ ಟ್ಯಾಕಲ್ ಅಂತ ಎರಡು. ರೈಡರ್ ಒಂದೇ ರೈಡ್‌ನಲ್ಲಿ ಮೂರು-ನಾಲ್ಕು ತರಬಲ್ಲ. ಹಾಗಾಗಿ ರೈಡರ್ ಬೆಲೆ ಓಡಿತು, ಡಿಫೆಂಡರ್ ಹಿಂದೆ ಉಳಿದ.

ಬೆಂಗಳೂರು ಬುಲ್ಸ್ ನೋಡಿ. ಶುರುವಿನ ಎರಡು ಸೀಸನ್ ಅವರ ಬೆನ್ನೆಲುಬು ಮಂಜೀತ್ ಚಿಲ್ಲರ್, ಹಿಡಿತದಲ್ಲಿ ಪಳಗಿದ ಆಲ್‌ರೌಂಡರ್. ಆದ್ರೆ ಜನಕ್ಕೆ ನೆನಪಿರೋದು 2019ರ ಜನವರಿ 5ರ ಫೈನಲ್. ಗುಜರಾತ್ ವಿರುದ್ಧ 38-33, ಪವನ್ ಸೆಹ್ರಾವತ್ ಒಬ್ಬನದೇ 22 ಪಾಯಿಂಟ್. ಉಳಿದ 16 ಎಲ್ಲಿಂದ ಬಂತು ಅಂತ ಯಾರನ್ನಾದ್ರೂ ಕೇಳಿ, ತಲೆ ಕೆರ್ಕೊಳ್ತಾರೆ.

ಲೆಕ್ಕ ತಿರುಗಿದ್ದು ಆ ಫೈನಲ್‌ಗೂ ಕೆಲವು ತಿಂಗಳು ಮುಂಚೆ, 2018ರ ಮೇನಲ್ಲಿ. ಇರಾನಿನ ಲೆಫ್ಟ್ ಕಾರ್ನರ್ ಫಜೆಲ್ ಅತ್ರಾಚಲಿಗೆ ಯು ಮುಂಬಾ ಒಂದು ಕೋಟಿ ಕೊಟ್ಟಿತು. ಲೀಗ್‌ನಲ್ಲಿ ಕೋಟಿ ಮುಟ್ಟಿದ ಮೊದಲ ಡಿಫೆಂಡರ್ ಅವನೇ. ವಿದೇಶಿಗೆ, ಅದೂ ಕಾಲು ಹಿಡಿಯೋನಿಗೆ ಒಂದು ಕೋಟಿನಾ? ಉತ್ತರ ಸಿಕ್ಕಿದ್ದು ಮೂರೇ ತಿಂಗಳಲ್ಲಿ, ಜಕಾರ್ತದಲ್ಲಿ. 1990ರಿಂದ ಏಷ್ಯನ್ ಗೇಮ್ಸ್ ಚಿನ್ನ ಬಿಟ್ಟುಕೊಡದಿದ್ದ ಭಾರತದ ಪುರುಷರ ತಂಡ ಸೆಮಿಫೈನಲ್‌ನಲ್ಲಿ ಇರಾನ್ ಎದುರು 18-27ರಿಂದ ಸೋತಿತು. ನಮ್ಮ ಹೆಸರಾಂತ ರೈಡರ್‌ಗಳು ಕೂಡಿಸಿದ್ದು, ತಂಡದ್ದೆಲ್ಲ ಸೇರಿ, ಬರೀ 18. ನನ್ನ ಪ್ರಕಾರ ಡಿಫೆಂಡರ್ ಇತಿಹಾಸದಲ್ಲಿ ಆ ಸಂಜೆಗಿಂತ ದೊಡ್ಡ ಜಾಹೀರಾತು ಇನ್ನೊಂದಿಲ್ಲ.

ಅಲ್ಲಿಂದ ಮುಂದಿನದು ನಿಮಗೆ ಗೊತ್ತಿರೋದೇ. 2023ರ ಹರಾಜಲ್ಲಿ ಮೊಹಮ್ಮದ್‌ರೇಜಾ ಶಾದ್ಲೂಗೆ ಪುಣೇರಿ ಪಲ್ಟನ್ 2.35 ಕೋಟಿ ಸುರೀತು, ಆ ಸೀಸನ್ ಕಪ್ಪೂ ಎತ್ತಿತು. ಆಗ ಆ ತಂಡದ ಕೋಚ್ ಆಗಿದ್ದದ್ದು ನಮ್ಮ ಕರ್ನಾಟಕದ ಬಿ.ಸಿ. ರಮೇಶ್, 2001ರ ಅರ್ಜುನ ಪ್ರಶಸ್ತಿ ವಿಜೇತರು. 2025ರಲ್ಲಿ ಬುಲ್ಸ್ ತಂಡ ಯೋಗೇಶ್ ಅನ್ನೋ ಯುವ ಡಿಫೆಂಡರ್‌ಗೆ ಒಂದು ಕೋಟಿಗೂ ಮೇಲೆ ಕೊಟ್ಟಿತು.

ಸರಿ, ಹರಾಜಿಗೆ ಮುಂಚೆ ಇವರನ್ನ ಅಳೆಯೋದು ಹೆಂಗೆ? ಟ್ಯಾಕಲ್ ಪಾಯಿಂಟ್ ಎಣಿಸಿದ್ರೆ ಆಯ್ತಲ್ವಾ ಅಂತೀರಿ. ಅಲ್ಲೇ ಮೋಸ ಹೋಗೋದು. ಕಾರ್ನರ್‌ನವನು ಪಾದ ಹಿಡೀತಾನೆ, ಕವರ್‌ನವನು ಓಡಿ ಬಂದು ಡ್ಯಾಶ್ ಕೊಟ್ಟು ಹೊರಗೆ ತಳ್ತಾನೆ, ಮೂರನೆಯವನು ಗೆರೆ ಮುಟ್ಟದಂಗೆ ಅಡ್ಡ ನಿಲ್ತಾನೆ. ಕಾಗದದ ಮೇಲೆ ಪಾಯಿಂಟು ಒಬ್ಬನ ಹೆಸರಿಗೆ. ಇನ್ನು ಅವಸರಕ್ಕೆ ನುಗ್ಗಿ ತಪ್ಪಿಸ್ಕೊಂಡ್ರೆ ಎದುರಾಳಿಗೆ ಪಾಯಿಂಟು, ತಾನೂ ಔಟು. ಹತ್ತು ಸಲ ನುಗ್ಗಿ ಐದಾರು ಸಲ ಹಿಡಿದ್ರೆ ಅವನು ಒಳ್ಳೆ ಡಿಫೆಂಡರ್. ನಾಲ್ಕೇ ಪಾಯಿಂಟ್ ತಂದರೂ ಎರಡೇ ಸಲ ತಪ್ಪಿದವನು, ಎಂಟು ತಂದು ಹತ್ತು ಕೊಟ್ಟವನಿಗಿಂತ ಮೇಲು. ಅದಕ್ಕೇ ಜಾಣ ಕೋಚ್ ನೋಡೋದು ‘ಡು ಆರ್ ಡೈ’ ರೈಡ್. ಹಿಂದಿನ ಎರಡು ರೈಡ್ ಖಾಲಿ ಹೋಗಿವೆ, ರೈಡರ್ ಪಾಯಿಂಟ್ ತರಲೇಬೇಕು. ಆವಾಗ ಡಿಫೆಂಡರ್ ಕಾಯ್ತಾನಾ, ಹಾರ್ತಾನಾ? ಕಾಯೋ ತಾಳ್ಮೆಯನ್ನ ಯಾವ ಪಟ್ಟಿಯೂ ಎಣಿಸಲ್ಲ.

ಈಗ ನಮ್ಮ ಊರ ಮಾತು. ಲೀಗ್‌ನಲ್ಲಿ ಹೆಸರು ಮಾಡಿದ ಕನ್ನಡಿಗರು ಅಂದ್ರೆ ಪ್ರಶಾಂತ್ ಕುಮಾರ್ ರೈ, ಸುಕೇಶ್ ಹೆಗ್ಡೆ. ಇಬ್ಬರೂ ಕರಾವಳಿಯವರು, ಇಬ್ಬರೂ ರೈಡರ್‌ಗಳು. ಬಳ್ಳಾರಿ, ಕುರುಗೋಡು, ಸಿರುಗುಪ್ಪ ಕಡೆ ಹುಡುಗ್ರು ಆಡೋದು ಮಣ್ಣಿನ ಅಂಕಣದಲ್ಲಿ, ಬರಿಗಾಲಲ್ಲಿ. ಲೀಗ್ ಆಡೋದು ಮ್ಯಾಟ್ ಮೇಲೆ, ಶೂ ಹಾಕ್ಕೊಂಡು. ಮಣ್ಣಿನಲ್ಲಿ ರೈಡರ್ ಕಾಲು ಜಾರುತ್ತೆ, ಹಿಡಿಯೋನಿಗೆ ಅದೇ ಅನುಕೂಲ. ಮ್ಯಾಟ್ ಮೇಲೆ ಅವನ ಹೆಜ್ಜೆ ಕಚ್ಚಿ ನಿಲ್ಲುತ್ತೆ, ತಿರುಗೋದು ಚುರುಕಾಗುತ್ತೆ, ಹಾರೋ ಗಳಿಗೆ ಬದಲಾಗುತ್ತೆ. ತಾಲ್ಲೂಕು ದಸರಾ ಕ್ರೀಡಾಕೂಟದಲ್ಲಿ ಎಲ್ಲರ ಕಾಲೂ ಕಟ್ಟಿಹಾಕೋ ಹುಡುಗ ಟ್ರಯಲ್ಸ್‌ನಲ್ಲಿ ಅರ್ಧ ಸೆಕೆಂಡ್ ತಡವಾಗಿ ಹಾರಿ ಕೈ ಬೀಸ್ಕೊಂಡು ಬರೋದು ಇದಕ್ಕೇ. ಕೈಯಲ್ಲಿ ಹಿಡಿತ ಇಲ್ಲ ಅಂತಲ್ಲ. 2017ರಲ್ಲಿ ಶುರುವಾದ ಫ್ಯೂಚರ್ ಕಬಡ್ಡಿ ಹೀರೋಸ್ ಥರದ ಪ್ರತಿಭಾ ಶೋಧಗಳಿಗೆ ಹೋಗೋ ಮುಂಚೆ ಆರು ತಿಂಗಳು ಮ್ಯಾಟ್ ಸಿಕ್ಕವನಿಗೂ, ಆ ದಿನವೇ ಮೊದಲ ಸಲ ಮ್ಯಾಟ್ ತುಳಿದವನಿಗೂ ಅಂತರ ಇಷ್ಟೇ.

ನಿಮ್ಮ ತಾಲ್ಲೂಕಲ್ಲಿ ಮ್ಯಾಟ್ ಎಲ್ಲಿದೆ, ಯಾರು ಹಾಸ್ತಾರೆ, ಸಂಜೆ ಎಷ್ಟು ಗಂಟೆವರೆಗೆ ಆಡೋಕೆ ಬಿಡ್ತಾರೆ? ಧ್ವನಿ ಸಂದೇಶದಲ್ಲಿ ಹೇಳಿ, ಮುಂದಿನ ಕಂತಿನಲ್ಲಿ ಕೇಳಿಸ್ತೀವಿ.