ಉಣ್ಣಿಯಿಂದ ಬರುವ ಮಿದುಳು ಜ್ವರ: ಚಿಕ್ಕೋಡಿ ಸೀಮೆಗೆ ಸಂಬಂಧಿಸಿದಂತೆ

ಉಣ್ಣಿ ಕಚ್ಚಿ ಹರಡುವ ವೈರಾಣು ಜ್ವರಗಳಲ್ಲಿ ಕೆಲವು ಮಿದುಳಿನ ಉರಿಯೂತಕ್ಕೆ ತಿರುಗುತ್ತವೆ. ಯುರೋಪ್ ಮತ್ತು ಸೈಬೀರಿಯಾದ ಕಾಡುಗಳಲ್ಲಿ ಕಾಣುವ ಇಂಥ ಮಿದುಳು ಜ್ವರದ ಭಾರತೀಯ ಸಂಬಂಧಿ ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಮಂಗನ ಕಾಯಿಲೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಇದರ ನೆಲೆಯಲ್ಲ. ಇಲ್ಲಿಗೆ ರೋಗ ಬಂದರೆ ಕಾಡಿಗೆ ಹೋಗಿಬಂದ ಮನುಷ್ಯರ ಮೂಲಕ ಬರುವ ಸಾಧ್ಯತೆಯೇ ಹೆಚ್ಚು.

ಪತ್ತೆಯಾದ ಬಗೆ

1957ರ ಮಾರ್ಚ್‌ನಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿರುವ ಸುದ್ದಿ ಪುಣೆಯ ವೈರಾಣು ಸಂಶೋಧನಾ ಕೇಂದ್ರಕ್ಕೆ ತಲುಪಿತು. ಸುತ್ತಲಿನ ಹಳ್ಳಿಗಳಲ್ಲೂ ವಿಷಮಶೀತಜ್ವರವನ್ನು ಹೋಲುವ ಜ್ವರವಿತ್ತು. ಮಂಗಗಳ ಸಾವೆಂದ ಕೂಡಲೇ, ಮಂಗಗಳನ್ನೂ ಕೊಲ್ಲುವ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕ ಹುಟ್ಟಿತು. ಕೇಂದ್ರದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರ ತಂಡ ಬೇರ್ಪಡಿಸಿದ ವೈರಾಣು ಹಳದಿ ಜ್ವರದ್ದಾಗಿರಲಿಲ್ಲ; ರಷ್ಯಾದ ವಸಂತ-ಬೇಸಿಗೆ ಮಿದುಳು ಜ್ವರದ ಗುಂಪಿಗೆ ಸೇರಿತ್ತು. ಅಷ್ಟು ದೂರದ ವೈರಾಣುವಿನ ನಂಟು ಮಲೆನಾಡಿಗೆ ಹೇಗೆ ಎಂಬ ಪ್ರಶ್ನೆ ವಲಸೆ ಹಕ್ಕಿಗಳ ಕಡೆ ಬೆರಳು ತೋರಿತು. ಪಕ್ಷಿತಜ್ಞ ಸಲೀಂ ಅಲಿ ಅವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಬಳೆ ತೊಡಿಸುವ ಅಧ್ಯಯನಕ್ಕೆ ಈ ಶಂಕೆಯೂ ಒಂದು ಪ್ರೇರಣೆ. ಹಕ್ಕಿಗಳೇ ತಂದವೆಂಬುದಕ್ಕೆ ಗಟ್ಟಿ ಸಾಕ್ಷ್ಯ ಸಿಗಲಿಲ್ಲ. ರಷ್ಯಾದ ರೋಗಕ್ಕೆಂದು ಇಲಿಯ ಮಿದುಳಿನಿಂದ ತಯಾರಿಸಿದ ಲಸಿಕೆಯನ್ನು ಆರಂಭದ ವರ್ಷಗಳಲ್ಲಿ ಇಲ್ಲಿ ಹಾಕಿ ನೋಡಿದರೂ ರಕ್ಷಣೆ ದೊರೆಯಲಿಲ್ಲ. ಸಂಬಂಧಿ ವೈರಾಣುವಿನ ಲಸಿಕೆ ಇಲ್ಲಿಯೂ ನಡೆದೀತೆಂಬ ಊಹೆ ಅಂದೇ ಸೋತಿದೆ. ಯುರೋಪಿನ ಉಣ್ಣಿ ಮಿದುಳು ಜ್ವರದ ಲಸಿಕೆಯ ಬಗ್ಗೆ ಈಗ ವಿಚಾರಿಸುವವರು ಇದನ್ನು ಗಮನಿಸಬೇಕು.

ಉಣ್ಣಿಯ ವರ್ಷಚಕ್ರ

ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡುಣ್ಣಿ. ಪ್ರಾಯದ ಉಣ್ಣಿ ಮಳೆಗಾಲದಲ್ಲಿ ದನ, ಕಾಡುಕೋಣಗಳ ರಕ್ತ ಹೀರಿ ತರಗೆಲೆಯ ನಡುವೆ ಮೊಟ್ಟೆಯಿಡುತ್ತದೆ. ಮಳೆ ಹಿಂದೆ ಸರಿದ ಮೇಲೆ ಹೊರಬರುವ ಮರಿಗಳು ಇಲಿ, ಮೂಗಿಲಿ, ಹಕ್ಕಿ, ಮಂಗಗಳನ್ನು ಹಿಡಿಯುತ್ತವೆ. ವೈರಾಣು ಮರಿಗಳಿಗೆ ಸೇರುವುದು ಬಹುಮಟ್ಟಿಗೆ ಈ ಹಂತದಲ್ಲಿ. ಪೊರೆ ಕಳಚಿ ಎಂಟು ಕಾಲಿನ ಎಳೆಯುಣ್ಣಿಯಾದಾಗ, ಎಳ್ಳಿನ ಕಾಳಿಗಿಂತ ದೊಡ್ಡದಲ್ಲದ ಇದು ಮನುಷ್ಯರನ್ನು ಕಚ್ಚುತ್ತದೆ. ರೋಗದ ಹಂಗಾಮು ಡಿಸೆಂಬರ್‌ನಿಂದ ಮೇ ವರೆಗೆ ಇರುವುದು ಇದರಿಂದಲೇ. ಸೌದೆ, ಸೊಪ್ಪು, ಗೇರುಹಣ್ಣಿಗೆ ಜನ ಕಾಡು ಹೊಗುವ ಕಾಲವೂ ಅದೇ. ಮುಸುವ ಅಥವಾ ಕೆಂಪು ಮಂಗ ಸತ್ತರೆ ಮೈಮೇಲಿನ ಉಣ್ಣಿಗಳು ಕೆಳಗಿಳಿದು ಸುತ್ತ ಹರಡುತ್ತವೆ. ದನಗಳು ವೈರಾಣುವನ್ನು ಹರಡುವುದಕ್ಕಿಂತ ಹೆಚ್ಚಾಗಿ ಉಣ್ಣಿಯ ಸಂತಾನ ಬೆಳೆಸುತ್ತವೆ. ಮನುಷ್ಯರಿಂದ ಮನುಷ್ಯರಿಗೆ ರೋಗ ಹರಡುವುದಿಲ್ಲ.

ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಕಬ್ಬು ಮತ್ತು ತಂಬಾಕಿನ ಹೊಲಗಳಲ್ಲಿ, ಅಥಣಿಯ ಒಣಭೂಮಿಯಲ್ಲಿ, ಈ ಉಣ್ಣಿಗೆ ಬೇಕಾದ ತೇವದ ಕಾಡುನೆಲ ಇಲ್ಲ. ಇಲ್ಲಿನ ಎಮ್ಮೆ, ಆಕಳುಗಳ ಮೈಮೇಲಿನ ಉಣ್ಣಿಗಳು ಸಾಮಾನ್ಯವಾಗಿ ಬೇರೆ ಜಾತಿಯವು. ಅವು ಥೈಲೇರಿಯಾದಂಥ ಜಾನುವಾರು ರೋಗಗಳಿಗೆ ಕಾರಣ. ಹಾಗಿದ್ದರೂ ಅವನ್ನು ಬೆರಳಲ್ಲಿ ಹಿಸುಕಬಾರದು.

ವಿಸ್ತರಣೆ

1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಗೇರುತೋಟಕ್ಕೆಂದು ಕಾಡು ಕಡಿದ ನಿಡ್ಲೆಯ ಸುತ್ತ, ರೋಗ ಭುಗಿಲೆದ್ದಿತು. 2012ರ ಬಳಿಕ ಬಂಡೀಪುರ, ವಯನಾಡು, 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆ ರೋಗ ಕಂಡ ಪ್ರದೇಶಗಳ ಪಟ್ಟಿಗೆ ಸೇರಿದವು. ಗೋವಾದ ಗೇರುತೋಟಗಳಿಗೆ ದುಡಿಯಲು ಹೋದ ಬೆಳಗಾವಿ ಜಿಲ್ಲೆಯ ಕೂಲಿಗಳಲ್ಲಿ 2016ರಲ್ಲಿ ಸೋಂಕು ಪತ್ತೆಯಾದದ್ದು ಈ ಸೀಮೆಗೆ ಅತಿ ಮುಖ್ಯವಾದ ಸಂಗತಿ. ನಿಪ್ಪಾಣಿಯಿಂದ ರಾಧಾನಗರಿ, ಫೋಂಡಾ ಘಾಟಿನ ಮೂಲಕ ದೇವಗಡಕ್ಕೆ ಇಳಿಯುವ ರಸ್ತೆ ಸಿಂಧುದುರ್ಗ ಜಿಲ್ಲೆಗೇ ಮುಟ್ಟಿಸುತ್ತದೆ.

ಲಕ್ಷಣ ಮತ್ತು ತಡೆ

ಕಚ್ಚಿದ 3ರಿಂದ 8 ದಿನಗಳಲ್ಲಿ ಏಕಾಏಕಿ ಜ್ವರ, ಹಣೆನೋವು, ತೀವ್ರ ಮೈಕೈ ನೋವು, ಕೆಂಗಣ್ಣು, ವಾಂತಿ. ಕೆಲವರಲ್ಲಿ ಮೂಗು, ವಸಡಿನಿಂದ ರಕ್ತ. ಸುಮಾರು ಶೇ. 10ರಿಂದ 20ರಷ್ಟು ಜನರಲ್ಲಿ, ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮರುಕಳಿಸಿ, ಕುತ್ತಿಗೆ ಬಿಗಿತ, ನಡುಕ, ಗೊಂದಲ ಕಾಣಬಹುದು. ಸಾವಿನ ಪ್ರಮಾಣ ಶೇ. 3ರಿಂದ 5. ನಿರ್ದಿಷ್ಟ ಔಷಧಿಯಿಲ್ಲ, ದ್ರವಾಂಶ ಕಾಯ್ದು, ರಕ್ತಸ್ರಾವ ನಿಭಾಯಿಸುವುದೇ ಚಿಕಿತ್ಸೆ. ಆಸ್ಪಿರಿನ್ ತೆಗೆದುಕೊಳ್ಳಬಾರದು.

ದಶಕಗಳ ಕಾಲ ಬಳಸಿದ ಹಳೆಯ ಲಸಿಕೆಯ ರಕ್ಷಣೆ ಸಾಲದೆಂದು ಅದನ್ನು ನಿಲ್ಲಿಸಲಾಗಿದೆ. ಹೊಸದರ ತಯಾರಿ ನಡೆದಿದೆ. ಹಾಗಾಗಿ ಮೈತುಂಬ ಬಟ್ಟೆ, ಬಯಲಾದ ಕೈಕಾಲಿಗೆ ಉಣ್ಣಿ ನಿವಾರಕ ತೈಲ, ಕಾಡಿನಿಂದ ಮರಳಿದೊಡನೆ ಬಿಸಿನೀರಿನ ಸ್ನಾನ, ಬಟ್ಟೆ ಒಗೆತ ಇವೇ ಈಗಿನ ಆಧಾರ. ಅಂಟಿದ ಉಣ್ಣಿಯನ್ನು ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ, ಬೆಂಕಿ ಬೇಡ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಘಟ್ಟದ ಕಡೆ ಹೋಗಿಬಂದು ಜ್ವರ ಬಂದವರು ಹೋಗಿದ್ದ ಊರಿನ ಹೆಸರನ್ನು, ವೈದ್ಯರು ಕೇಳದಿದ್ದರೂ, ತಾವೇ ಹೇಳಬೇಕು.