ಅಡಿಕೆ ತೋಟದಲ್ಲಿ ರಂಜಕದ ನಿರ್ವಹಣೆ: ಮರದ ಬೆಳವಣಿಗೆ, ಹಿಂಗಾರ ಮತ್ತು ಕಾಯಿಕಟ್ಟುವಿಕೆ

ಕುಂಬ್ರವೂ ಸೇರಿದಂತೆ ಪುತ್ತೂರು, ಕಡಬ ಹಾಗೂ ಸುಳ್ಯ ತಾಲ್ಲೂಕುಗಳ ಅಡಿಕೆ ತೋಟಗಳು ಬಹುಪಾಲು ಆಮ್ಲೀಯ ಗುಣದ ಜಂಬಿಟ್ಟಿಗೆ ಮಣ್ಣಿನಲ್ಲಿವೆ. ಹಿಂಗಾರ ಸಮೃದ್ಧವಾಗಿ ಬರಲೆಂದು ರಂಜಕಯುಕ್ತ ಗೊಬ್ಬರವನ್ನು ವರ್ಷದಿಂದ ವರ್ಷಕ್ಕೆ ಹೆಚ್ಚಿಸುವ ರೂಢಿ ಕೆಲವೆಡೆ ಇದೆ. ರಂಜಕವು ಮರಕ್ಕೆ ಅತ್ಯಗತ್ಯವಾದ ಪೋಷಕಾಂಶವೇ ಆದರೂ, ಅಗತ್ಯಕ್ಕಿಂತ ಹೆಚ್ಚು ಕೊಟ್ಟರೆ ಇಳುವರಿ ಹೆಚ್ಚುವುದಿಲ್ಲ; ಖರ್ಚು ಹೆಚ್ಚುತ್ತದೆ, ಮಣ್ಣಿನ ಸಮತೋಲನವೂ ಕೆಡುತ್ತದೆ.

ರಂಜಕದ ಪಾತ್ರ

ಬೇರಿನ ಬೆಳವಣಿಗೆ, ಜೀವಕೋಶಗಳಲ್ಲಿ ಶಕ್ತಿಯ ವರ್ಗಾವಣೆ, ಹೂವು ಮತ್ತು ಬೀಜ ರೂಪುಗೊಳ್ಳುವಿಕೆ ಇವುಗಳಿಗೆ ರಂಜಕ ಬೇಕು. ಎಳೆಯ ಸಸಿಗಳಲ್ಲಿ ಇದರ ಕೊರತೆಯಾದರೆ ಬೇರು ಹರಡದೆ ಬೆಳವಣಿಗೆ ಕುಂಠಿತವಾಗುತ್ತದೆ. ಫಸಲು ಕೊಡುವ ಮರದಲ್ಲಿ ಹಿಂಗಾರದ ಮೊಳಕೆಯು ಹಾಳೆ ಕಳಚಿ ಹೊರಗೆ ಕಾಣಿಸುವುದಕ್ಕೆ ಬಹಳ ಮೊದಲೇ ಗರಿಯ ಕಂಕುಳಲ್ಲಿ ರೂಪುಗೊಂಡಿರುತ್ತದೆ. ಆದುದರಿಂದ ಈ ವರ್ಷ ಹಾಕಿದ ಗೊಬ್ಬರದ ಫಲವನ್ನು ಈ ವರ್ಷದ ಹಿಂಗಾರದಲ್ಲಿ ಅಳೆಯಲಾಗದು. ಕಾಯಿಯ ತೂಕ ಮತ್ತು ಗುಣಮಟ್ಟಕ್ಕೆ ರಂಜಕಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಬೇಕಾಗುವುದು ಪೊಟ್ಯಾಷ್.

ನಮ್ಮ ಮಣ್ಣಿನಲ್ಲಿ ರಂಜಕದ ವರ್ತನೆ

ಜಂಬಿಟ್ಟಿಗೆ ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಕರಾವಳಿಯ ಭಾರಿ ಮಳೆಯಲ್ಲಿ ಸಾರಜನಕ ಮತ್ತು ಪೊಟ್ಯಾಷ್ ಬಸಿದು ಹೋಗುತ್ತವೆ. ರಂಜಕವು ಹೆಚ್ಚಾಗಿ ಹಾಕಿದ ಜಾಗದಲ್ಲಿಯೇ ಉಳಿಯುತ್ತದೆ, ಮೇಲ್ಮಣ್ಣು ಕೊಚ್ಚಿಹೋದಾಗ ಮಾತ್ರ ಅದರೊಡನೆ ಹೋಗುತ್ತದೆ. ಫಸಲಿನೊಂದಿಗೆ ತೋಟದಿಂದ ಹೊರಹೋಗುವ ರಂಜಕವೂ ಅಲ್ಪ. ಹೀಗಾಗಿ ದೀರ್ಘಕಾಲ ಗೊಬ್ಬರ ಪಡೆದ ತೋಟಗಳ ಬುಡದ ಮಣ್ಣಿನಲ್ಲಿ ರಂಜಕ ಶೇಖರಗೊಳ್ಳುತ್ತದೆ. ಈ ಶೇಖರಣೆ ಮಿತಿಮೀರಿದರೆ ಮರವು ಸತುವನ್ನು ಹೀರಿಕೊಳ್ಳಲು ಅಡ್ಡಿಯಾಗುತ್ತದೆ. ಬೇರಿಗೆ ನೆರವಾಗುವ ಮೈಕೊರೈಜಾ ಶಿಲೀಂಧ್ರದ ಚಟುವಟಿಕೆಯೂ ಕುಗ್ಗುತ್ತದೆ.

ಶಿಫಾರಸು ಮಾಡಿದ ಪ್ರಮಾಣ

ಫಸಲು ಕೊಡುವ ಪ್ರತಿ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ ಮತ್ತು 140 ಗ್ರಾಂ ಪೊಟ್ಯಾಷ್ ಕೊಡಬೇಕು. ಇದರೊಂದಿಗೆ ತಲಾ 12 ಕಿ.ಗ್ರಾಂ ಹಸಿರು ಸೊಪ್ಪು ಮತ್ತು ಕಾಂಪೋಸ್ಟ್ ಅಥವಾ ಹಟ್ಟಿಗೊಬ್ಬರ ಅಗತ್ಯ. 40 ಗ್ರಾಂ ರಂಜಕವನ್ನು ಕೆಳಗಿನ ಯಾವುದಾದರೂ ಒಂದು ರೂಪದಲ್ಲಿ ಒದಗಿಸಬಹುದು:

• ಶೇ. 20 ರಂಜಕವಿರುವ ಶಿಲಾರಂಜಕ (ರಾಕ್ ಫಾಸ್ಫೇಟ್): 200 ಗ್ರಾಂ
• ಶೇ. 16ರ ಸೂಪರ್ ಫಾಸ್ಫೇಟ್: 250 ಗ್ರಾಂ
• ಡಿಎಪಿ: 87 ಗ್ರಾಂ. ಇದರಲ್ಲಿ ಸುಮಾರು 16 ಗ್ರಾಂ ಸಾರಜನಕವೂ ಇರುವುದರಿಂದ ಯೂರಿಯಾವನ್ನು 217 ಗ್ರಾಂನಿಂದ ಸುಮಾರು 183 ಗ್ರಾಂಗೆ ಇಳಿಸಬೇಕು.

ಆಮ್ಲೀಯ ಮಣ್ಣಿನಲ್ಲಿ ಶಿಲಾರಂಜಕವು ನಿಧಾನವಾಗಿ ಕರಗಿ ಮರಕ್ಕೆ ದೊರೆಯುತ್ತದೆ. ಆದ್ದರಿಂದ ನಮ್ಮ ಭಾಗದ ದೀರ್ಘಾವಧಿ ಬೆಳೆಗಳಿಗೆ ಅದು ಸೂಕ್ತ. ಸಸಿಗಳಿಗೆ ಮೊದಲ ವರ್ಷ ಪೂರ್ಣ ಪ್ರಮಾಣದ ಮೂರನೆಯ ಒಂದು ಭಾಗ, ಎರಡನೆಯ ವರ್ಷ ಮೂರನೆಯ ಎರಡು ಭಾಗ, ಮೂರನೆಯ ವರ್ಷದಿಂದ ಪೂರ್ಣ ಪ್ರಮಾಣ ಕೊಡಬೇಕು.

ಕೊಡುವ ಕಾಲ ಮತ್ತು ವಿಧಾನ

1. ಮೂರನೆಯ ಒಂದು ಭಾಗವನ್ನು ಮೇ–ಜೂನ್‌ನಲ್ಲಿ, ಮಳೆ ಬಿರುಸಾಗುವ ಮುನ್ನ. ಉಳಿದ ಎರಡು ಭಾಗವನ್ನು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಕೊಡಬೇಕು. ಮಣ್ಣಿನಲ್ಲಿ ತೇವವಿರಬೇಕು.
2. ಕಾಂಡದಿಂದ 75 ಸೆಂ.ಮೀ.ನಿಂದ 1 ಮೀಟರ್‌ವರೆಗಿನ ಸುತ್ತಳತೆಯಲ್ಲಿ ಬುಡ ಬಿಡಿಸಿ, ಗೊಬ್ಬರ ಹರಡಿ, ಸೊಪ್ಪು ಹಾಗೂ ಮಣ್ಣಿನಿಂದ ಮುಚ್ಚಬೇಕು.
3. ಸುಣ್ಣವನ್ನು ರಾಸಾಯನಿಕ ಗೊಬ್ಬರದೊಡನೆ ಬೆರೆಸಬಾರದು. ಕೆಲವು ವಾರಗಳ ಅಂತರವಿರಲಿ. ಒಟ್ಟಿಗೆ ಹಾಕಿದರೆ ಯೂರಿಯಾದ ಸಾರಜನಕ ಆವಿಯಾಗುತ್ತದೆ, ಶಿಲಾರಂಜಕ ಕರಗುವುದೂ ತಡವಾಗುತ್ತದೆ.
4. ರಂಜಕ ಕರಗಿಸುವ ಸೂಕ್ಷ್ಮಜೀವಿ ಗೊಬ್ಬರವನ್ನು ಕಾಂಪೋಸ್ಟಿನಲ್ಲಿ ಬೆರೆಸಿ ಕೊಟ್ಟರೆ ಮಣ್ಣಿನಲ್ಲಿ ಬಂಧಿತವಾದ ರಂಜಕವೂ ಸ್ವಲ್ಪಮಟ್ಟಿಗೆ ಬಳಕೆಗೆ ಬರುತ್ತದೆ.

ಮಣ್ಣು ಪರೀಕ್ಷೆಯೇ ಆಧಾರ

ಗೊಬ್ಬರ ಹಾಕುವ ಮೊದಲು ತೋಟದ ಎಂಟು ಹತ್ತು ಮರಗಳ ಬುಡದಿಂದ 30 ಸೆಂ.ಮೀ. ಆಳದವರೆಗಿನ ಮಣ್ಣನ್ನು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಪ್ರಯೋಗಾಲಯಕ್ಕೆ ಕಳುಹಿಸಿರಿ. ಗದ್ದೆ ಬದಿಯ ತಗ್ಗು ಮತ್ತು ಗುಡ್ಡದ ಇಳಿಜಾರಿನ ಮಾದರಿಗಳು ಬೇರೆ ಬೇರೆಯಾಗಿರಲಿ. ವರದಿಯಲ್ಲಿ ರಂಜಕ ‘ಮಧ್ಯಮ’ ಎಂದಿದ್ದರೆ ಶಿಫಾರಸಿನ ಪ್ರಮಾಣವನ್ನು ಮುಂದುವರಿಸಿರಿ. ‘ಹೆಚ್ಚು’ ಎಂದಿದ್ದರೆ ತಜ್ಞರ ಸಲಹೆ ಪಡೆದು ರಂಜಕವನ್ನು ಮಾತ್ರ ಕಡಿಮೆ ಮಾಡಿರಿ. ಸಾರಜನಕ ಹಾಗೂ ಪೊಟ್ಯಾಷನ್ನು ಕಡಿತಗೊಳಿಸಬೇಡಿ. ಸಿದ್ಧ ಮಿಶ್ರಣದ ಬದಲು ಬಿಡಿ ಗೊಬ್ಬರಗಳನ್ನು ಬಳಸಿದರೆ ಈ ಹೊಂದಾಣಿಕೆ ಸುಲಭ.

ಗೊಬ್ಬರದ ಕೊರತೆಯಲ್ಲದ ತೊಂದರೆಗಳು

ಬೇಸಿಗೆಯಲ್ಲಿ ಹಿಂಗಾರದ ಕಡ್ಡಿಗಳು ತುದಿಯಿಂದ ಹಳದಿಯಾಗಿ ಒಣಗುತ್ತ ಬಂದರೆ ಅದು ಶಿಲೀಂಧ್ರದಿಂದ ಬರುವ ಹಿಂಗಾರ ಒಣಗುವ ರೋಗವಾಗಿರಬಹುದು. ರಂಜಕ ಹಾಕಿದರೆ ಅದು ಗುಣವಾಗದು. ರೋಗಪೀಡಿತ ಹಿಂಗಾರಗಳನ್ನು ತೆಗೆದು ಸುಟ್ಟು, ಶಿಲೀಂಧ್ರನಾಶಕದ ಬಗ್ಗೆ ಸಲಹೆ ಪಡೆಯಿರಿ. ಮಳೆಗಾಲದ ಕಾಯಿ ಉದುರುವಿಕೆಗೆ ಕೊಳೆರೋಗ, ಬೇಸಿಗೆಯ ಎಳೆಗಾಯಿ ಉದುರುವಿಕೆಗೆ ನೀರಿನ ಅಭಾವ ಕಾರಣವಾಗಿರುವುದುಂಟು. ಸುಳ್ಯ ಭಾಗದ ತೋಟಗಳನ್ನು ಬಾಧಿಸಿರುವ ಹಳದಿ ಎಲೆ ರೋಗಕ್ಕೂ ಗೊಬ್ಬರ ಔಷಧವಲ್ಲ. ಸಮತೋಲಿತ ಪೋಷಣೆ ಮರದ ಶಕ್ತಿಯನ್ನು ಕಾಯ್ದುಕೊಳ್ಳಲಷ್ಟೇ ನೆರವಾಗುತ್ತದೆ. ನೀರು ನಿಲ್ಲುವ ತೋಟದಲ್ಲಿ ಮೊದಲು ಬಸಿಗಾಲುವೆ ಸರಿಪಡಿಸಿರಿ; ಉಸಿರಾಡಲಾಗದ ಬೇರು ಯಾವ ಗೊಬ್ಬರವನ್ನೂ ಸರಿಯಾಗಿ ಹೀರಿಕೊಳ್ಳದು.

ಕಾರಣ ಸ್ಪಷ್ಟವಾಗದಿದ್ದಲ್ಲಿ ಬಾಧಿತ ಹಿಂಗಾರ ಹಾಗೂ ಮಣ್ಣು ಪರೀಕ್ಷೆಯ ವರದಿಯೊಂದಿಗೆ ವಿಟ್ಲದ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರ ಅಥವಾ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಿರಿ.